ಎತ್ತರದ ಅರ್ಧ

ಟೇಪಿನ ಅಂಕಿಗಳೆಲ್ಲ ಬೆವರಿಗೆ ಅಳಿಸಿಹೋದ ವರ್ಷ
ರಾಜಧಾನಿಯ ಡಾಕ್ಟರು ಹೇಳಿಕೊಟ್ಟದ್ದು ಇಷ್ಟೆ:
ನೆತ್ತಿಯಿಂದ ಹಿಮ್ಮಡಿಗೆ ಒಂದು ದಾರ ಹಿಡಿ, ಕತ್ತರಿಸು.
ದಾರವನ್ನು ನಡುವಿಗೆ ಮಡಚಿ, ಮನುಷ್ಯನ ನಡುವಿಗೆ ಸುತ್ತು.
ತುದಿಗೆ ತುದಿ ತಾಗಿದರೆ ಮನೆಗೆ ಕಳಿಸು.
ತಾಗದಿದ್ದರೆ ಕೂರಿಸಿ ಮಾತಾಡು.

ವವಾಉ ದ್ವೀಪದಲ್ಲಿ ದಾರಕ್ಕೆ ಬರವೆ?
ಬಲೆ ಹೆಣೆಯುವ ನೀಲಿ ನೈಲಾನಿನ ಉಂಡೆ ಹಿಡಿದು
ಊರೂರು ಅಲೆದೆ.
ದೋಣಿ ನಡೆಸುವ ಮೋಆಲಾಗೆ ಎರಡು ಬೆರಳು ಕಡಿಮೆ ಬಿತ್ತು,
ಬನ್ನು ಬೇಯಿಸುವ ಫುಸಿಪಾಲಾಗೆ ಒಂದು ಗೇಣು.
"ಈ ಗೇಣಿನಲ್ಲಿ ಏನಿದೆ ಹೇಳು" ಅಂದಳು ನಗುತ್ತ.
ಡಬ್ಬಿಯ ದನದ ಮಾಂಸ, ಅಂದೆ. ಚಹಾಕ್ಕೆ ಐದು ಚಮಚ ಸಕ್ಕರೆ.
ಹಡಗಿನಲ್ಲಿ ಹಿಮಗಟ್ಟಿ ಬರುವ ಕುರಿಪಕ್ಕೆಯ ಕೊಬ್ಬು,
ಕಳಿಸುವವರು ತಾವು ತಿನ್ನುವುದಿಲ್ಲವಂತೆ.
"ಅಷ್ಟೇನಾ? ನನ್ನ ಮೂರು ಬಾಣಂತನ?
ಗಂಡ ಸತ್ತಾಗ ಬಂದವರಿಗೆಲ್ಲ ಬಡಿಸಿ ಉಳಿದದ್ದು?"
ಅದಕ್ಕೆ ನನ್ನ ಕಾಗದದಲ್ಲಿ ಕಾಲಂ ಇರಲಿಲ್ಲ.

ಸೊಂಟ ಇಲ್ಲಿ ಬರಿಯ ಸೊಂಟವಲ್ಲ.
ಚರ್ಚಿಗೆ, ಕಚೇರಿಗೆ, ಸಾವಿನ ಮನೆಗೆ
ಚಾಪೆ ಸುತ್ತಿಕೊಂಡು ಹೋಗಬೇಕು, ತಾಓವಾಲಾ,
ನಾರಿನ ಹಗ್ಗದಿಂದ ಬಿಗಿದು.
ಸತ್ತವರ ಮುಂದೆ ನಾವು ಕಿರಿಯರಾದಷ್ಟೂ
ಚಾಪೆ ದೊಡ್ಡದು, ಹರಕು.
ಅದನ್ನು ಬಿಚ್ಚಿ ನಿಲ್ಲಿ ಅನ್ನುವುದೆಂದರೆ
ಮರ್ಯಾದೆ ಬಿಚ್ಚಿಡಿ ಅಂದಂತೆ.
ಕಣ್ಣು ಕೆಳಗೆ ಹಾಕಿ ಕೇಳುತ್ತಿದ್ದೆ. ಬಿಚ್ಚುತ್ತಿದ್ದರು.

ಅಪ್ಪನನ್ನು ಮಾತ್ರ ಅಳೆಯಲಾಗಲಿಲ್ಲ.
ಅಪ್ಪನ ತಲೆ ಮಕ್ಕಳು ಮುಟ್ಟಬಾರದು, ಅದು ತಪು.
ತಪ್ಪಿಗಿಂತ ಹಳೆಯದು.
ನೆತ್ತಿ ಮುಟ್ಟದೆ ದಾರ ಹಿಡಿಯುವುದು ಹೇಗೆ?
"ನಾನೇ ಹಿಡಿಯುತ್ತೇನೆ, ಕೊಡು" ಎಂದು
ಒಂದು ತುದಿಯನ್ನು ಕಾಲ್ಬೆರಳಡಿ ಒತ್ತಿ, ಇನ್ನೊಂದನ್ನು ನೆತ್ತಿಗೇರಿಸಿ
ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ನಿಂತ.
ಹಿಮ್ಮಡಿ ಎತ್ತಿದ್ದ. ನೋಡಿದೆ.
ನೋಡದವಳಂತೆ ಕತ್ತರಿಸಿದೆ.
ಎತ್ತರ ಕದ್ದರೂ ತುದಿಗಳು ಕೂಡಲಿಲ್ಲ,
ನಾಲ್ಕು ಬೆರಳು ಬಯಲು.
"ದಾರ ಒದ್ದೆಯಾಗಿ ಕುಗ್ಗಿದೆ" ಅಂದ.
ನೈಲಾನು ಕುಗ್ಗುವುದಿಲ್ಲ ಅಪ್ಪ, ಅನ್ನಲಿಲ್ಲ ನಾನು.
ಊರಿಗೆಲ್ಲ ಕೂರಿಸಿ ಹೇಳಿದ ಮಾತು
ಮನೆಯಲ್ಲಿ ಗಂಟಲು ದಾಟಲಿಲ್ಲ.
ದಾರವನ್ನು ಮೊಳೆಗೆ ನೇತುಹಾಕಿ ಅಡುಗೆಗೆ ಹೋದೆ.

ತುದಿಗಾಲಲ್ಲಿ ನಿಂತ ಆ ಬೆರಳುಗಳಲ್ಲಿ
ಎರಡು ಈಗಿಲ್ಲ.
ಮೊದಲು ಒಂದು ಗುಳ್ಳೆ, ಹವಳದ ಚೂರು ಚುಚ್ಚಿದ್ದು,
ನೋವೇ ಇಲ್ಲ ಅಂದ.
ನೋವಿಲ್ಲದ್ದೇ ಕೆಟ್ಟದ್ದೆಂದು
ನನಗೆ ಗೊತ್ತಿತ್ತು.

ನಿನ್ನೆ ಸೋದರತ್ತೆ ತೋಆಕಾಸೆ ಬಂದಳು,
ಆಚೆ ದಂಡೆಯಿಂದ, ಕೋಲೂರಿಕೊಂಡು.
ಹರೆಯಕ್ಕೆ ಬಂದ ಮೇಲೆ ಅಕ್ಕ ತಮ್ಮ
ಒಂದೇ ಕೋಣೆಯಲ್ಲಿ ಕೂರುವುದಿಲ್ಲ ನಮ್ಮಲ್ಲಿ.
ಎಂಬತ್ತೆರಡಕ್ಕೆ ಎಲ್ಲಿಯ ಹರೆಯ ಅಂದಳು, ಒಳಗೆ ನಡೆದಳು.
ತಮ್ಮ ಎಷ್ಟೇ ದೊಡ್ಡವನಾದರೂ ಅಕ್ಕನ ಕೆಳಗೆ,
ಅವಳ ಕೈ ತಡೆಯುವವರಿಲ್ಲ.
ಮೊಳೆಯ ಮೇಲಿನ ದಾರ ಎಳೆದುಕೊಂಡು
ಅಪ್ಪನನ್ನು ಅದೇ ಕಂಬಕ್ಕೆ ನಿಲ್ಲಿಸಿದಳು.
ಉಳಿದ ಬೆರಳುಗಳ ಮೇಲೆ ಮತ್ತೆ ಏಳಲು ನೋಡಿದ.
ಹೆಬ್ಬೆರಳನ್ನು ಅವನ ನೆತ್ತಿಗೆ ಒತ್ತಿದಳು,
ಪಪಾಯಿ ಹಣ್ಣಾಗಿದೆಯೇ ಎಂದು ನೋಡುವ ಹಾಗೆ:
"ಹಿಮ್ಮಡಿ ಇಳಿಸೋ."
ಇಳಿಸಿದ.

ದಾರ ಅವನಿಗಿಂತ ಉದ್ದವಿತ್ತು.
ಹೆಚ್ಚಾದ ತುಣುಕನ್ನು ಅತ್ತೆಯೇ ಕಡಿದಳು,
ಇದ್ದ ನಾಲ್ಕು ಹಲ್ಲಿನಲ್ಲಿ.
ಆಮೇಲೆ ಅಪ್ಪನನ್ನು ಕೂರಿಸಿ
ನನ್ನ ಕಡೆ ತಿರುಗಿದಳು.